ಮೊಳೆ ಶೂ, ಮೂರು ಜೊತೆ

"ಮೂರರಲ್ಲಿ ಒಂದು ಜೊತೆ ಎತ್ಕೊ. ತಪ್ಪಾದ್ರೆ ಕೆಂಚಯ್ಯನ್ನ ಜೀಪ್ ಹತ್ತುಸ್ತೀನಿ. ಆಮ್ಯಾಕೆ ನೀನು ನನ್ ತಲೆ ತಿನ್ನಂಗಿಲ್ಲ," ಎಂದರು ಸಬ್ ಇನ್ಸ್‌ಪೆಕ್ಟರ್ ಬೋರಪ್ಪನವರು.

ಕ್ಲಬ್ಬಿನ ಜಗಲಿಯ ಬೆಂಚಿನ ಮೇಲೆ ಮೂರು ಜೊತೆ ಗಾಲ್ಫ್ ಶೂ ಸಾಲಾಗಿ ಕೂತಿದ್ದವು. ಹೆಣ್ಣು ನೋಡಲು ಬಂದ ಗಂಡಿನ ಹಾಗೆ ನಾನು ಎದುರಿಗೆ ನಿಂತಿದ್ದೆ. ಉಪ್ಪಿಟ್ಟು ಕಾಫಿ ಒಂದು ಕಡಿಮೆ.

ನಿನ್ನೆ ಕ್ಲಬ್ಬಿನ ಹಾಲ್‌ನಲ್ಲಿ ಆಯುಧಪೂಜೆಗೆ ಇಟ್ಟಿದ್ದ ಬೆಳ್ಳಿ ಕಪ್ ಇವತ್ತು ಬೆಳಿಗ್ಗೆ ಇರಲಿಲ್ಲ. ಮೈದಾನ ನೋಡಿಕೊಳ್ಳುವ ಕೆಂಚಯ್ಯನೇ ಕದ್ದ ಎಂದು ಬೋರಪ್ಪನವರು ಆಗಲೇ ತೀರ್ಮಾನ ಮಾಡಿಬಿಟ್ಟಿದ್ದರು.

"ಆರಕ್ಷಕ ಶಿರೋಮಣಿಗಳೇ, ಈ ಸಂಪತ್ಕುಮಾರ ಉಸಿರಾಡುತ್ತಿರುವ ತನಕ ನಿರಪರಾಧಿಯ ಕೈಗೆ ಕೋಳ ಬೀಳುವುದಿಲ್ಲ," ಎಂದೆ ನಾನು, ಎದೆಯ ಮೇಲೆ ಕೈಯಿಟ್ಟು.

"ಲೇ, ಟೆಂಟ್ ಸಿನಿಮಾ ಡೈಲಾಗ್ ಟೆಂಟ್‌ನಲ್ಲೇ ಬುಟ್ಬಾ. ಶೂ ನೋಡು."

ಬೋರಪ್ಪನವರು ಅರಕಲಗೂಡಿನಿಂದ ಹೊಸದಾಗಿ ವರ್ಗವಾಗಿ ಬಂದವರು. ಕಾಯಿ ಕಳ್ಳ, ಕೋಳಿ ಕಳ್ಳ, ಪಂಪ್‌ಸೆಟ್ ಕಳ್ಳ ಎಲ್ಲರನ್ನೂ ಕಂಡವರು. ಗಾಲ್ಫ್ ಕ್ಲಬ್ಬಿನ ಕಳ್ಳ ಅವರಿಗೆ ಇದೇ ಮೊದಲು. ನನಗೂ ಅಷ್ಟೇ. ಅದನ್ನು ಅವರಿಗೆ ಹೇಳಿರಲಿಲ್ಲ.

ಕೆಂಚಯ್ಯ ಕೆಳಗಿನ ಮೆಟ್ಟಿಲ ಮೇಲೆ ಮೊಣಕಾಲು ತಬ್ಬಿಕೊಂಡು ಕೂತಿದ್ದ. ಆಚೆ ಹೊಂಗೆ ಮರದ ಕೆಳಗೆ ಅವನ ಹೆಂಡತಿ ಮಾರಮ್ಮ. ಬೆಳಿಗ್ಗೆ ಸುದ್ದಿ ಕೇಳಿದ ಕೂಡಲೇ ದೊಡ್ಡಗದ್ದವಳ್ಳಿಯಿಂದ ಸಿಕ್ಕಿದ ಬಸ್ಸು ಹಿಡಿದು ಬಂದು ಹಾಸನದಲ್ಲಿ ನನ್ನ ರೂಮಿನ ಬಾಗಿಲು ತಟ್ಟಿದವಳು ಅವಳೇ. "ನೀವು ಪತ್ತೇದಾರಿ ಬೋರ್ಡ್ ಆಕ್ಕಂಡಿದ್ದೀರಂತಲ್ಲ, ನನ್ ಗಂಡನ್ನ ಬುಡಿಸ್ಕೊಡಿ," ಎಂದಿದ್ದಳು. ಬೋರ್ಡು ಹಾಕಿ ಎಷ್ಟೋ ದಿನವಾಗಿತ್ತು. ಅದನ್ನು ನಂಬಿ ಬಂದವಳು ಅವಳೊಬ್ಬಳೇ.

"ಬ್ಯಾಡಿ ಚಿಕ್ಕೈನೋರೆ," ಎಂದ ಕೆಂಚಯ್ಯ ತಲೆ ಎತ್ತದೆ. "ಜೀಪ್ ಅತ್ತುತೀನಿ ಬುಡಿ. ನಾಕ್ ದಿನ ಮಡಿಕ್ಕಂಡು ಬುಡ್ತಾರೆ."

"ಬಿಡೋದಾ? ಬೆಳ್ಳಿ ಕಪ್ ಕೆಂಚಣ್ಣ. ವರ್ಷಗಟ್ಟಲೆ ಒಳಗೆ ಹಾಕ್ತಾರೆ. ನೀನು ಸುಮ್ಮನೆ ಕೂತ್ಕೊ. ಹೀರೋ ಮಾತಾಡೋವಾಗ ಬೇರೆಯವರು ಮಾತಾಡಬಾರದು."

ಅವನು ಮೊಣಕಾಲಿನ ಮೇಲೆ ಗದ್ದ ಊರಿದ. ಸಂಕೋಚದ ಮನುಷ್ಯ ಎಂದುಕೊಂಡೆ.

ಜಗಲಿಯಲ್ಲಿ ಇನ್ನಿಬ್ಬರಿದ್ದರು. ಒಬ್ಬರು ಕ್ಲಬ್ಬಿನ ಕಾರ್ಯದರ್ಶಿ ಪರಮಶಿವಯ್ಯನವರು. ಕಾಫಿ ಬೀಜದ ವ್ಯಾಪಾರಿ. ಕನ್ನಡಕ ಒರೆಸುವುದು ಬಿಟ್ಟರೆ ಬೆಳಗಿನಿಂದ ಬೇರೇನೂ ಮಾಡಿರಲಿಲ್ಲ. ಇನ್ನೊಬ್ಬರು ವಕೀಲ ಲಕ್ಷ್ಮೀನರಸಿಂಹ ಅವರು. ಕಪ್ ಹೋಯಿತು ಎಂದ ತಕ್ಷಣ ಕೆಂಚಯ್ಯನ ಹೆಸರು ಹೇಳಿದವರು ಇವರೇ.

"ಬೋರಪ್ಪ, ನೀವು ಈ ಹುಡುಗನ ಮಾತು ಕೇಳ್ತಾ ಕೂತಿದ್ದೀರಲ್ಲ," ಎಂದರು ವಕೀಲರು. "ಹಾಲ್ ಒಳಗಿರೋದು ಬರಿಗಾಲಿನ ಗುರುತು. ಈ ಕ್ಲಬ್‌ನಲ್ಲಿ ಬರಿಗಾಲಲ್ಲಿ ಓಡಾಡೋನು ಒಬ್ಬನೇ. ಇದಕ್ಕಿಂತ ಇನ್ನೇನು ಬೇಕು?"

"ಅದನ್ನೇ ನಾನೂ ಹೇಳ್ದೆ ಸ್ವಾಮಿ. ಇವನು ಬುಡಬೇಕಲ್ಲ."

ನಾನು ಮೆಟ್ಟಿಲಿಳಿದು ಬ್ರೌನ್ ಪಕ್ಕ ನಿಂತೆ.

ಬೆಂಗಳೂರಿನ ಕ್ಲಬ್ಬುಗಳಲ್ಲಿ ಚೆಂಡು ಬೀಳುವ ಗುಳಿಯ ಸುತ್ತ ಹಸಿರು ಹುಲ್ಲಿನ ಹಾಸು ಇರುತ್ತದಂತೆ. ನಮ್ಮ ಗುಡ್ಡದ ಮೇಲೆ ಅಷ್ಟು ನೀರೆಲ್ಲಿಂದ ಬರಬೇಕು. ಮರಳಿಗೆ ಹಳೇ ಇಂಜಿನ್ ಎಣ್ಣೆ ಕಲಸಿ, ಗುಳಿಯ ಸುತ್ತ ದುಂಡಗೆ ಹರಡಿ, ಹಲಗೆ ಎಳೆದು ನುಣ್ಣಗೆ ಮಾಡಿರುತ್ತಾರೆ. ಅದಕ್ಕೆ ಬ್ರೌನ್ ಎಂದು ಹೆಸರು. ಕೊನೆಯ ಗುಳಿಯ ಬ್ರೌನ್ ಕ್ಲಬ್ಬಿನ ಮೆಟ್ಟಿಲಿಗೆ ಅಂಟಿಕೊಂಡಂತೆಯೇ ಇದೆ. ಎಣ್ಣೆ ಮರಳಾದ್ದರಿಂದ ಕೋಳಿ ನಡೆದರೂ ಅಚ್ಚು ಕೂರುತ್ತದೆ.

ಈಗ ಅದರ ಮೇಲೆ ಅಡ್ಡಲಾಗಿ ಮೊಳೆ ಶೂವಿನ ಗುರುತು ಹೋಗಿತ್ತು. ಮೈದಾನದ ಕಡೆಯಿಂದ ಮೆಟ್ಟಿಲ ಕಡೆಗೆ. ಒಬ್ಬರದೇ.

"ಸಾರ್, ನಿನ್ನೆ ಇಲ್ಲಿ ಯಾರಾದ್ರೂ ಗಾಲ್ಫ್ ಆಡಿದ್ರಾ?" ಎಂದು ಕಾರ್ಯದರ್ಶಿಗಳನ್ನು ಕೇಳಿದೆ.

"ಹೆಂಗಪ್ಪ ಆಡ್ತಾರೆ. ಕೋಲೆಲ್ಲ ಪೂಜೇಲಿದ್ವಲ್ಲ. ವಿಜಯದಶಮಿ ದಿನ ಎತ್ತೋ ತನಕ ಯಾರೂ ಮುಟ್ಟಂಗಿಲ್ಲ."

"ಬ್ರೌನ್ ಗುಡಿಸಿದ್ದು ಯಾವಾಗ?"

"ನೆನ್ನೆ ಬೆಳಿಗ್ಗೆ," ಎಂದ ಕೆಂಚಯ್ಯ. "ಗುಡ್ಸಿ, ಎಳ್ಯೋ ಅಲಗೆ ತೊಳ್ದು, ಅದನ್ನೂ ಪೂಜೆಗೆ ಅಂತ ಮೆಟ್ಲತಾವ ಮಡಗಿದ್ದೆ. ಆಮ್ಯಾಕೆ ನಾನೂ ಮುಟ್ನಿಲ್ಲ."

"ಕೇಳಿದಿರಾ ಇನ್ಸ್‌ಪೆಕ್ಟರ್? ಬೆಳಿಗ್ಗೆ ನುಣ್ಣಗಾಗಿದ್ದ ಮರಳು. ಆಮೇಲೆ ಆಟ ಇಲ್ಲ, ಗುಡಿಸೋದೂ ಇಲ್ಲ. ಅಂದ ಮೇಲೆ ಈ ಶೂ ಬಂದಿದ್ದು ಪೂಜೆ ಆದ ಮೇಲೆ. ಆಡೋದಕ್ಕಲ್ಲ. ನೇರವಾಗಿ ಬಾಗಿಲಿಗೆ."

"ಒಳಗೆ ಬರಿಗಾಲಲ್ವೇನ್ಲಾ?"

"ಅದೇ ಸಾರ್ ವಿಷಯ. ಬಾಗಿಲ ತನಕ ಶೂ, ಬಾಗಿಲಿಂದ ಒಳಗೆ ಬರಿಗಾಲು. ಇಬ್ಬರಲ್ಲ, ಒಬ್ಬನೇ. ಒಳಗೆ ದೀಪ ಉರೀತಾ ಇದೆ, ದೇವಿ ಪಟ ಇದೆ. ಕದಿಯೋದಕ್ಕೆ ಹೋದೋನು ಅಲ್ಲಿ ನಿಂತು ಶೂ ಬಿಚ್ಚಿ, ಆಮೇಲೆ ಒಳಗೆ ಹೋಗಿದ್ದಾನೆ. ನಮ್ಮ ಜಿಲ್ಲೆಯ ಕಳ್ಳನೇ."

ಬೋರಪ್ಪನವರು ಮೀಸೆ ಉಜ್ಜಿಕೊಂಡರು.

"ಹಂಗೂ ಇರ್ಬೋದು. ಅರಕಲಗೂಡು ಕಡೆ ಒಬ್ಬ ಗುಡಿ ಹುಂಡಿ ಒಡಿಯಾಕೆ ಮುಂಚೆ ಚಪ್ಲಿ ಬುಟ್ಟು, ಕಾಲ್ ತೊಳ್ಕಂಡು, ಕೈ ಮುಗ್ದು ಒಳಕ್ಕೋಗಿದ್ದ. ಬರೋವಾಗ ಗಾಬರೀಲಿ ಪೂಜಾರಿ ಚಪ್ಲಿ ಮೆಟ್ಕಂಡು ಓದ. ಅದ್ರಿಂದ್ಲೇ ಸಿಕ್ದ."

"ಹಾಗಾದ್ರೆ ಒಪ್ಪಿದ್ರಿ."

"ಅರ್ಧ ಒಪ್ಪಿದ್ದೀನಿ. ಉಳಿದರ್ಧಕ್ಕೆ ಶೂ ತೋರ್ಸು."

ಸದಸ್ಯರೆಲ್ಲ ತಮ್ಮ ತಮ್ಮ ಶೂಗಳನ್ನು ಕಾರಿನಲ್ಲೇ ಇಟ್ಟುಕೊಂಡು ಓಡಾಡುತ್ತಾರೆ. ಜಗಲಿಯ ಗೂಡಿನಲ್ಲಿ ನಿನ್ನೆ ಇದ್ದದ್ದು ಈ ಮೂರು ಜೊತೆ ಮಾತ್ರ.

ಬೋರಪ್ಪನವರು ಒಂದೊಂದನ್ನೇ ಎತ್ತಿ ತಳ ನೋಡಿದ್ದರು. ತಳದ ತುಂಬ ಮೊಳೆ. ಇಳಿಜಾರಿನಲ್ಲಿ ನಿಂತು ಕೋಲು ಬೀಸುವಾಗ ಕಾಲು ಜಾರಬಾರದೆಂದು ನೆಲಕ್ಕೆ ಕಚ್ಚಿಕೊಳ್ಳುವ ಮೊಳೆ. ಮರಳಿನ ಮೇಲಿನ ಅಚ್ಚು ಮೂರಕ್ಕೂ ಹೆಚ್ಚುಕಡಿಮೆ ಹೊಂದುತ್ತಿತ್ತು. ತಳ ನೋಡಿ ಹೇಳುವುದಾದರೆ ಮೂವರೂ ಕಳ್ಳರು.

ಮೊದಲನೆಯ ಜೊತೆ ಯಾವುದೋ ಎಸ್ಟೇಟಿನ ಇಂಗ್ಲಿಷ್ ದೊರೆ ಸ್ವದೇಶಕ್ಕೆ ಹೋಗುವಾಗ ಬಿಟ್ಟು ಹೋದದ್ದು. ದೇಶಕ್ಕೆ ಸ್ವಾತಂತ್ರ್ಯ ಬಂದರೂ ಶೂಗೆ ಬಂದಿರಲಿಲ್ಲ. ಬೆರಳು ಹಾಕಿದೆ. ಜೇಡರ ಬಲೆ ಕೈಗೆ ಸುತ್ತಿಕೊಂಡಿತು. ಬಲೆ ಹರಿದಿರಲಿಲ್ಲ.

"ದೊರೆ ವಾಪಸ್ ಬಂದಿಲ್ಲ," ಎಂದು ಅದನ್ನು ಪಕ್ಕಕ್ಕಿಟ್ಟೆ.

ಎರಡನೆಯದು ಕಾರ್ಯದರ್ಶಿಗಳದು. ಕಪ್ಪು ಶೂ. ಮೊಳೆಗಳ ಸಂದಿಯಲ್ಲಿ ಎಣ್ಣೆ ಮರಳು ಗಟ್ಟಿಯಾಗಿ ಮೆತ್ತಿಕೊಂಡಿತ್ತು.

"ಇದ್ರಲ್ಲಿ ಮರಳೈತೆ ನೋಡು," ಎಂದರು ಬೋರಪ್ಪನವರು.

"ಹೋದ ಭಾನುವಾರದ್ದು," ಎಂದರು ಪರಮಶಿವಯ್ಯನವರು. "ಆಡಿದ್ದೆ. ಸೋತಿದ್ದೆ. ಒರೆಸೋ ಮನಸ್ಸಾಗ್ಲಿಲ್ಲ."

ಅದನ್ನು ಮೂಸಿದೆ. ಸೋತವರ ಶೂ ಹೇಗಿರುತ್ತದೋ ಹಾಗೇ ಇತ್ತು. ಒಳಗೆ ಕೈ ಹಾಕಿ ನೋಡಿ, ಕೆಳಗಿಟ್ಟು, ಕೈ ಒರೆಸಿಕೊಂಡೆ.

ಮೂರನೆಯದು ಹೊಚ್ಚಹೊಸದು. ಕಂದು ಚರ್ಮ, ಮೂತಿಯ ಹತ್ತಿರ ಬಿಳಿ ಪಟ್ಟಿ. ತಳ ಒರೆಸಿದ ಹಾಗೆ ಚೊಕ್ಕಟ. ವಕೀಲರದು.

"ಎಂಥ ಶೂ ಸಾರ್," ಎಂದೆ. "ಹೇಗೆ ಆರಿಸಿದಿರಿ? ನನಗೂ ಒಂದು ಜೊತೆ ತೊಗೋಬೇಕು ಅಂತ ಆಸೆ."

"ನೀನಾ?"

"ಸಿನಿಮಾದಲ್ಲಿ ಶ್ರೀಮಂತನ ಮಗನ ಪಾರ್ಟು ಸಿಕ್ಕಿದರೆ ಬೇಕಾಗುತ್ತಲ್ಲ."

ವಕೀಲರು ನಕ್ಕರು. ಶೂ ಬಗ್ಗೆ ಯಾರಾದರೂ ಕೇಳಲಿ ಎಂದು ವಾರದಿಂದ ಕಾದಿದ್ದರು ಅನ್ನಿಸಿತು. ಹೆಗಲ ಮೇಲಿನ ಟವೆಲ್ ಸರಿ ಮಾಡಿಕೊಂಡು ಬೆಂಚಿನ ತುದಿಗೆ ಬಂದರು.

"ಮೊದಲನೇದಾಗಿ, ಅಂಗಡಿಗೆ ಬೆಳಿಗ್ಗೆ ಹೋಗಬಾರದು. ಸಾಯಂಕಾಲ ಹೋಗಬೇಕು. ಹಗಲೆಲ್ಲ ಓಡಾಡಿ ಕಾಲು ಸ್ವಲ್ಪ ಊದಿರತ್ತೆ. ಆ ಕಾಲಿಗೆ ಸರಿಹೋದ್ರೆ ಮೈದಾನದಲ್ಲಿ ಎಷ್ಟು ಸುತ್ತಿದ್ರೂ ಕಚ್ಚಲ್ಲ."

"ಆಮೇಲೆ?"

"ಆಡೋವಾಗ ಹಾಕ್ಕೊಳ್ಳೋ ದಪ್ಪ ಕಾಲುಚೀಲಾನೇ ತೊಗೊಂಡು ಹೋಗಬೇಕು. ಅಂಗಡಿಯವನು ಕೊಡೋ ತೆಳು ಚೀಲ ಹಾಕ್ಕೊಂಡು ನೋಡಿದ್ರೆ ಮೋಸ ಹೋಗ್ತೀವಿ. ಹೆಬ್ಬೆರಳಿನ ಮುಂದೆ ಒಂದಿಷ್ಟು ಜಾಗ ಇರಬೇಕು. ಹಿಮ್ಮಡಿ ಮಾತ್ರ ಕಚ್ಚಿ ಹಿಡಿದ ಹಾಗಿರಬೇಕು. ಕೋಲು ಬೀಸುವಾಗ ಎಡಗಾಲು ತಿರುಗುತ್ತಲ್ಲ, ಆಗ ಪಾದ ಶೂ ಒಳಗೇ ಹೊರಳಿದ್ರೆ ಚೆಂಡು ಸೀದಾ ಲಂಟಾನ ಪೊದೆಗೆ."

"ಅಂಗಡಿಯವನು ತೋರಿಸಿದ ಮೊದಲನೇದೇ ತೊಗೊಂಡ್ರಾ?"

"ನಾನಾ?" ವಕೀಲರಿಗೆ ಅವಮಾನವಾಯಿತು. "ಅವನಿಗೆ ಸಾಕುಸಾಕು ಮಾಡಿದೆ. ಒಂದರಲ್ಲಿ ಹಿಮ್ಮಡಿ ಏಳ್ತಿತ್ತು. ಒಂದು ಕಿರುಬೆರಳು ಹಿಸುಕ್ತು. ಒಂದು ನೋಡೋಕೆ ರಾಜ, ಎತ್ತಿದ್ರೆ ಕಲ್ಲುಗುಂಡು. ಅದನ್ನ ಹಾಕ್ಕೊಂಡು ಮೂರನೇ ಗುಳಿ ತಲುಪೋದ್ರೊಳಗೆ ತೊಡೆ ಬಿದ್ದು ಹೋಗತ್ತೆ. ಇನ್ನೊಂದರ ತಳ ಮಧ್ಯಕ್ಕೆ ಮಡಚ್ತಾ ಇತ್ತು. ಒಳ್ಳೇ ಶೂ ಬೆರಳಿನ ಬುಡದಲ್ಲಿ ಮಡಚಬೇಕು, ನಡುವಿನಲ್ಲಿ ಮಡಚಬಾರದು. ಇದು ನೋಡು, ಸರಿಯಾಗಿ ಬೆರಳಿನ ಬುಡದಲ್ಲೇ ಮಡಚತ್ತೆ."

"ಅಂಗಡೀಲಿ ನಡೆದು ನೋಡಿದ್ರಾ?"

"ಗೋಡೆಯಿಂದ ಗೋಡೆಗೆ ನಡೆದೆ. ಒಂಟಿಕಾಲಲ್ಲಿ ನಿಂತೆ. ಕೋಲು ಬೀಸೋ ಹಾಗೆ ಬೀಸಿದೆ. ಪಕ್ಕದಲ್ಲಿದ್ದ ಹೆಂಗಸಿನ ಛತ್ರಿ ಬಿತ್ತು."

ಕಾರ್ಯದರ್ಶಿಗಳು ಮುಖ ತಿರುಗಿಸಿಕೊಂಡು ನಕ್ಕರು.

"ಇಷ್ಟು ಕಷ್ಟಪಟ್ಟು ತಂದ ಮೇಲೆ ಇಲ್ಲಿ ಆಡಿ ನೋಡಲಿಲ್ಲವಾ?"

"ನಾಳೆ ಕಪ್ ಪಂದ್ಯಕ್ಕೇ ಅಂತ ಇಟ್ಟಿದ್ದೀನಿ. ಅಂಗಡಿ ಬಿಟ್ಟ ಮೇಲೆ ಕಾಲೇ ಇಟ್ಟಿಲ್ಲ."

"ಒಂದು ಸಲಾನೂ?"

"ಒಂದು ಸಲಾನೂ ಇಲ್ಲ."

ನಾನು ಬೋರಪ್ಪನವರ ಕಡೆ ತಿರುಗಿದೆ. ಸಿನಿಮಾ ಆಗಿದ್ದರೆ ಈ ಜಾಗದಲ್ಲಿ ವಾದ್ಯದವರೆಲ್ಲ ಒಟ್ಟಿಗೆ ಬಾರಿಸುತ್ತಿದ್ದರು. ಇಲ್ಲಿ ಒಂದು ಕಾಗೆ ಕೂಗಿತು.

"ಸಾರ್, ಇದನ್ನ ಹಿಡಿದು ನೋಡಿ. ಬೆರಳಿನ ಬುಡದಲ್ಲಿ."

ಅವರು ಶೂವನ್ನು ಬೆಳಕಿಗೆ ಹಿಡಿದರು. ಬಿಳಿ ಪಟ್ಟಿಯ ಹಿಂದೆ ಚರ್ಮ ಗೆರೆಗೆರೆಯಾಗಿ ಮಡಚಿತ್ತು. ಅಜ್ಜಿಯ ಹಣೆಯ ಹಾಗೆ.

"ಇದು ಗೋಡೆಯಿಂದ ಗೋಡೆಗೆ ನಡೆದ ಶೂ ಅಲ್ಲ. ಬಯಲಲ್ಲಿ ನಡೆದದ್ದು. ಒಂದು ದಿನದ ಕೆಲಸವೂ ಅಲ್ಲ."

ವಕೀಲರು ಟವೆಲಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು.

"ಗೆರೆ ಬಿದ್ಮಾತ್ರಕ್ಕೆ ಕಳ್ಳ ಆಗ್ಬುಡ್ತಾರಾ?" ಎಂದರು ಬೋರಪ್ಪನವರು. ದನಿ ಮಾತ್ರ ಮೆತ್ತಗಾಗಿತ್ತು.

"ಇಲ್ಲ. ಅದಕ್ಕೆ ಒಳಗೆ ನೋಡಬೇಕು. ಬೆಳಗಿನಿಂದ ಎಲ್ಲರೂ ತಳ ನೋಡ್ತಾ ಇದ್ದೀವಿ."

ಹಾಲ್ ಒಳಗಿನ ಗುರುತು ಕೆಂಪು. ಕಪ್ ಮುಂದೆ ಆರತಿ ತಟ್ಟೆ ಇಟ್ಟಿದ್ದರು. ಅರಿಶಿನಕ್ಕೆ ಸುಣ್ಣ ಬೆರೆಸಿದ ಕೆಂಪು ನೀರು. ಬೆಳಿಗ್ಗೆ ನೋಡಿದಾಗ ತಟ್ಟೆ ಮಗುಚಿ ಬಿದ್ದಿತ್ತು. ಆ ನೀರನ್ನು ತುಳಿದ ಕಾಲು ಬಾಗಿಲ ತನಕ ಕೆಂಪಾಗಿ ಉಜ್ಜಿಕೊಂಡು ಬಂದಿತ್ತು. ಅಳತೆಗೆ ಸಿಗದಷ್ಟು ಕಲಸಿ ಹೋಗಿತ್ತು, ಆದರೆ ಬಣ್ಣ ಇತ್ತು.

ಈ ಆರತಿ ನೀರಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ನಿನ್ನೆಯ ಪೂಜೆ ಮಾಡಿಸಿದವರು ನಮ್ಮಪ್ಪ. ಹೊಳೆನರಸೀಪುರದಿಂದ ಬಸ್ಸಿನಲ್ಲಿ ಬಂದು, ಪೂಜೆ ಮುಗಿಸಿ, ದೀಪ ಉರಿಯುವ ಕೋಣೆಗೆ ಬೀಗ ಹಾಕಬೇಡಿ, ಚಿಲಕ ಸಾಕು ಎಂದು ಹೇಳಿ, ಕಾಯಿ ಹಣ್ಣಿನ ಗಂಟು ಕಟ್ಟಿಕೊಂಡು ಹೊರಟವರು. ನನ್ನ ಪತ್ತೇದಾರಿ ಬೋರ್ಡನ್ನು ಅವರು ಇನ್ನೂ ನೋಡಿಲ್ಲ. ನೋಡುವುದೂ ಬೇಡ.

"ಶೂ ಬಿಟ್ಟು ಒಳಗೆ ಹೋದ," ಎಂದೆ. "ಕೆಂಪು ನೀರು ತುಳಿದ. ಅದೇ ಒದ್ದೆ ಕಾಲನ್ನ ಮತ್ತೆ ಶೂ ಒಳಗೆ ತುರುಕಿದ. ನಿನ್ನೆ ಈ ಕ್ಲಬ್ಬಿನಲ್ಲಿ ಕೋಲು, ಹಲಗೆ, ಪೊರಕೆ ಎಲ್ಲಕ್ಕೂ ಪೂಜೆ ಆಗಿದೆ. ಶೂಗೆ ಯಾರೂ ಆರತಿ ಎತ್ತಿಲ್ಲ. ಅಲ್ವೇ ಕಾರ್ಯದರ್ಶಿಗಳೇ?"

"ಶಿವಶಿವ. ಶೂಗೆ ಯಾರಪ್ಪ ಎತ್ತುತಾರೆ."

ಜೇಬಿನಿಂದ ಬಿಳಿ ಕರ್ಚೀಫು ತೆಗೆದೆ. ಹೂಜಿಯ ನೀರಿನಲ್ಲಿ ಅದ್ದಿ, ಮೂರನೆಯ ಜೊತೆಯ ಬಲಗಾಲಿನ ಶೂ ಒಳಗೆ ಕೈ ಹಾಕಿ ಉಜ್ಜಿದೆ. ಹೊರಗೆ ಎಳೆದಾಗ ಕರ್ಚೀಫು ಇಟ್ಟಿಗೆ ಬಣ್ಣವಾಗಿತ್ತು.

"ಒಳಗಿನ ಚರ್ಮದ ಬಣ್ಣ ಅದು," ಎಂದರು ವಕೀಲರು. "ಕಂದು ಶೂ. ಕಂದು ಬಿಡುತ್ತೆ."

"ಅದೂ ಸರಿ ಐತೆ ಕಣ್ಲಾ," ಎಂದರು ಬೋರಪ್ಪನವರು.

"ಒಂದು ನಿಂಬೆಹಣ್ಣು ಕೊಡಿಸಿ ಸಾರ್. ಪೂಜೆಗಿಟ್ಟಿದ್ದು ಬೇಕಾದಷ್ಟಿದೆ."

ಕಾರ್ಯದರ್ಶಿಗಳೇ ಒಳಗೆ ಹೋಗಿ ಒಂದು ಹೋಳು ತಂದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಹೋದರು, ಮೆಟ್ಟಿಕೊಂಡು ಬಂದರು. ಬೋರಪ್ಪನವರು ಅದನ್ನು ನೋಡಿದರು. ನಾನು ನೋಡಿದೆನೋ ಇಲ್ಲವೋ ಎಂದೂ ನೋಡಿದರು.

"ಅರಿಶಿನಕ್ಕೆ ಸುಣ್ಣ ತಾಗಿದರೆ ಕೆಂಪು. ಹುಳಿ ತಾಗಿದರೆ ಮತ್ತೆ ಹಳದಿ. ನಮ್ಮಮ್ಮ ಪ್ರತಿ ಹಬ್ಬಕ್ಕೂ ನನ್ನ ಪಂಚೆ ಕಲೆ ಹೀಗೇ ತೆಗೆಯೋದು. ಚರ್ಮದ ಬಣ್ಣ ಆದರೆ ಹುಳಿಗೆ ಜಗ್ಗಲ್ಲ."

ಹಿಂಡಿದೆ. ರಸ ಬಿದ್ದ ಕಡೆಯೆಲ್ಲ ಇಟ್ಟಿಗೆ ಬಣ್ಣ ಹೋಗಿ ಹಳದಿ ಮೂಡಿತು. ಚಿತ್ರಾನ್ನದ ಹಾಗೆ, ಎಲ್ಲರಿಗೂ ಕಾಣುವಷ್ಟು ಹಳದಿ.

ಕೆಂಚಯ್ಯ ಕಣ್ಣು ಮುಚ್ಚಿಕೊಂಡಿದ್ದ. ಪಾಪ, ಸಮಾಧಾನವಾಗಿರಬೇಕು ಎಂದುಕೊಂಡೆ.

"ಎಲವೋ ಕರಾಳ ಕೋಟಿನ ಮರೆಯಲ್ಲಿ ಅವಿತ..." ಎಂದು ಶುರು ಮಾಡಿದೆ.

"ಸಾಕು ಮುಚ್ಚು," ಎಂದ ಬೋರಪ್ಪನವರು ಟೋಪಿ ತಲೆಗಿಟ್ಟುಕೊಂಡರು. "ವಕೀಲ್ರೆ, ಸ್ಟೇಷನ್ ಗಂಟ ಬರ್ಬೇಕಾಯ್ತದೆ. ಕಾಲೇ ಇಟ್ಟಿಲ್ಲ ಅಂತ ನಮ್ಮೆಲ್ಲರ ಮುಂದೆ ಹೇಳ್ಬುಟ್ಟಿದ್ದೀರ."

"ಇಟ್ಟಿಲ್ಲ. ನಿಜವಾಗ್ಲೂ ಇಟ್ಟಿಲ್ಲ."

"ಮತ್ತೆ ಶೂ ತಾನೇ ನಡ್ಕಂಡು ಓಯ್ತಾ?"

ವಕೀಲರು ಬೆಂಚಿನ ಮೇಲೆ ಕುಸಿದು ಕೂತರು. ಟವೆಲಿನಿಂದ ಕತ್ತು ಒರೆಸಿಕೊಂಡರು. ಕಾರ್ಯದರ್ಶಿಗಳನ್ನು ನೋಡಿದರು, ಬೋರಪ್ಪನವರನ್ನು ನೋಡಿದರು, ಕೊನೆಗೆ ಯಾರನ್ನೂ ನೋಡದೆ ಹೇಳಿದರು.

"ಹೊಸ ಶೂ ಎಷ್ಟು ಚೆನ್ನಾಗಿ ಆರಿಸಿದ್ರೂ ಮೊದಮೊದಲು ಕಚ್ಚತ್ತೆ. ನಂಗೆ ಸಕ್ಕರೆ ಕಾಯಿಲೆ. ಬೊಬ್ಬೆ ಎದ್ರೆ ಕಷ್ಟ. ಅದಕ್ಕೇ... ಪಳಗಿಸಿ ಕೊಡು ಅಂತ ಕೊಟ್ಟಿದ್ದೆ. ಒಂದು ವಾರದಿಂದ ಅವನೇ ಹಾಕ್ಕೊಂಡು ಓಡಾಡ್ತಿದ್ದಾನೆ."

"ಯಾರು?"

"ಕೆಂಚಯ್ಯ."

ನನ್ನ ಕೈಯಲ್ಲಿದ್ದ ನಿಂಬೆ ಹೋಳು ಜಾರಿ ಬಿತ್ತು.

"ಅವನ ಕಾಲೂ ನನ್ನ ಕಾಲೂ ಒಂದೇ ಅಳತೆ," ಎಂದರು ವಕೀಲರು. "ಹಿಂದಿನ ಜೊತೆನೂ ಅವನೇ ಪಳಗಿಸಿದ್ದು. ಸಾಯಂಕಾಲ ಯಾರೂ ಇಲ್ಲದ ಹೊತ್ತಲ್ಲಿ ಹಾಕ್ಕೊಂಡು ಸುತ್ತಿ, ಒರೆಸಿ ಗೂಡಲ್ಲಿಡ್ತಾನೆ. ಇದನ್ನ ಯಾರಿಗೂ ಹೇಳಬೇಡ ಅಂದಿದ್ದೆ."

"ಲಕ್ಷ್ಮೀನರಸಿಂಹ ಅವರೇ," ಎಂದರು ಪರಮಶಿವಯ್ಯನವರು ನಿಧಾನವಾಗಿ, "ನಿನ್ನೆ ಮಂಗಳಾರತಿ ಹೊತ್ತಿಗೆ ಇವನು ಬಾಗಿಲಿಗೆ ಬಂದಾಗ, ಅಲ್ಲೇ ಮೆಟ್ಟಿಲ ಕೆಳಗೆ ನಿಂತ್ಕೊ ಅಂದೋರು ನೀವಲ್ವೇ?"

ವಕೀಲರು ಕಾಲು ಹಿಂದಕ್ಕೆ ಎಳೆದುಕೊಂಡದ್ದು ನನಗೆ ಕಾಣಿಸಿತು.

ನಾನು ಮೂರರಲ್ಲಿ ಸರಿಯಾದ ಜೊತೆಯನ್ನೇ ಆರಿಸಿದ್ದೆ. ತಪ್ಪೇನೂ ಮಾಡಿರಲಿಲ್ಲ. ಶೂ ಯಾರದೋ ಕಾಲೂ ಅವರದೇ ಎಂದುಕೊಂಡಿದ್ದೆ, ಅಷ್ಟೇ. ಅರ್ಚಕರ ಮನೆಯಲ್ಲಿ ಹುಟ್ಟಿದವನಿಗೆ ವಕೀಲರ ಶೂ ಒಳಗೆ ಕೆಂಚಯ್ಯನ ಕಾಲಿರಬಹುದೆಂದು ಹೊಳೆಯಲೇ ಇಲ್ಲ. ಯಾವ ಸಾಕ್ಷಿಯೂ ಇಲ್ಲದೆ ಬೋರಪ್ಪನವರು ಹಿಡಿದಿದ್ದ ಮನುಷ್ಯನಿಗೆ ನಾನು ನಿಂಬೆಹಣ್ಣು ಹಿಂಡಿ ಸಾಕ್ಷಿ ಒದಗಿಸಿ ಕೊಟ್ಟಿದ್ದೆ.

"ಬಾರಯ್ಯ ಇಲ್ಲಿ," ಎಂದರು ಬೋರಪ್ಪನವರು. "ಹಾಕ್ಕೊ."

ಕೆಂಚಯ್ಯ ಎದ್ದು ಬಂದ. ಬೆಂಚಿನ ಮೇಲೆ ಕೂರಲಿಲ್ಲ. ಮೇಲಿನ ಮೆಟ್ಟಿಲ ಮೇಲೆ ಕೂತು, ಶೂ ಎಳೆದುಕೊಂಡು, ಹಿಮ್ಮಡಿ ಕುಟ್ಟಿ ಕೂರಿಸಿದ. ಲಾಡಿಯನ್ನು ನೋಡದೆಯೇ ಕಟ್ಟಿದ. ಎದ್ದು ನಿಂತ. ಕಾಲಿಗೆ ಅಂಟಿಸಿದ ಹಾಗಿತ್ತು.

ಹೊಂಗೆ ಮರದ ಕೆಳಗೆ ಮಾರಮ್ಮ ಎದ್ದು ನಿಂತಳು.

"ಕೆಂಚಣ್ಣ," ಎಂದೆ. "ನೀನು ಹೋಗಿರಲಿಲ್ಲ ಅಂತ ಹೇಳು. ಶೂ ಗೂಡಲ್ಲಿಟ್ಟ ಮೇಲೆ ಬೇರೆ ಯಾರೋ ಹಾಕ್ಕೊಂಡಿರಬಹುದು."

"ಓಗಿದ್ದೆ," ಎಂದ ಅವನು. "ಒಳಕ್ಕೂ ಓಗಿದ್ದೆ. ಆ ರೂಮೊಳಕ್ಕೆ ಬರ್ಬ್ಯಾಡ ಅಂದ್ರಿ, ಸರಿ ಅಂದೆ. ಈಗ ಬಂದಿದ್ದೆ ಅಂತೀರಿ, ಅದ್ಕೂ ಸರಿ ಅಂತೀನಿ. ಕಪ್ ಮಾತ್ರ ನಾ ಮುಟ್ನಿಲ್ಲ ಸಾ."

"ಮುಟ್ಟದೆ ಇರೋನು ಯಾಕ್ಲಾ ಒಳಕ್ಕೋದೆ?"

"ಮುಚ್ಚಂಜೇಲಿ ಶೂ ಆಕ್ಕಂಡು ಅಡ್ಡಾಡ್ತಿದ್ದೆ. ಕಿಟಕೀಲಿ ಬೆಳಕು ಅತ್ಲಾಗೆ ಇತ್ಲಾಗೆ ಅಲ್ಲಾಡ್ದಂಗೆ ಕಾಣ್ತು. ದೀಪ ವಾಲ್ಕಂಡು ಪರದೆಗೆ ಅತ್ಕಂತೇನೋ ಅಂತ ಬ್ರೌನ್ ಮ್ಯಾಲೇ ಓಡ್ಬಂದೆ."

"ಬೆಂಕಿ ಬಿದ್ದದೆ ಅಂತ ಓಡ್ಬಂದೋನು ಬಾಗ್ಲಲ್ಲಿ ನಿಂತ್ಕಂಡು ಶೂ ಲಾಡಿ ಬಿಚ್ಚುದ್ಯಾ?"

"ದ್ಯಾವ್ರಿದ್ದ ಜಾಗ ಅಲ್ವ್ರಾ," ಎಂದ ಕೆಂಚಯ್ಯ. ಅದರಲ್ಲಿ ಕೇಳುವುದೇನಿದೆ ಎಂಬಂತೆ ಹೇಳಿದ.

ಬೋರಪ್ಪನವರು ತಲೆ ಅಲ್ಲಾಡಿಸಿದರು. "ಆಮ್ಯಾಕೆ?"

"ಬೆಂಕಿ ಇರ್ನಿಲ್ಲ. ಕಪ್ ಇತ್ತು. ಅದ್ರ ಮುಂದೆ ಒಬ್ರು ಕೂತಿದ್ರು, ದೀಪ ಕೈಲಿಡ್ಕಂಡು. ನಾನ್ ಬೆಚ್ಚಿ ಇಂದಕ್ಕೆ ಸರ್ದಾಗ ತಟ್ಟೆಗೆ ಕಾಲು ತಾಕ್ತು. ಕಾಲ್ ಶೂಗೆ ತುರುಕ್ಕಂಡು ಜಗಲಿ ಇಂದ್ಗಡೆಯಿಂದ ಓಡೋದೆ, ಆಮ್ಯಾಕೆ ಬಂದು ಒರ್ಸಿ ಗೂಡಲ್ಲಿ ಮಡಗ್ದೆ."

"ಯಾರು ಕೂತಿದ್ದು?"

ಕೆಂಚಯ್ಯ ಕೆಳಗೆ ಕೂತು ಶೂ ಬಿಚ್ಚತೊಡಗಿದ. ಎರಡನ್ನೂ ಬಿಚ್ಚಿ, ಮೂತಿ ಸಮನಾಗಿ ಜೋಡಿಸಿ, ವಕೀಲರ ಕಾಲಬಳಿ ಇಟ್ಟ.

"ಯಾರು ಅಂತ ಕೇಳ್ದೆ," ಎಂದರು ಬೋರಪ್ಪನವರು.

"ಯೋಳ್ದಿದ್ರೆ ನನ್ನ ಕರ್ಕೊಂಡೋಯ್ತೀರ."

"ಹೂಂ. ಇಷ್ಟು ಸಾಕ್ಷಿ ಮಡಿಕ್ಕಂಡು ಬುಡಾಕಾಯ್ತದಾ?"

ಅವನು ಮಾರಮ್ಮನ ಕಡೆ ಒಮ್ಮೆ ನೋಡಿದ. ಆಮೇಲೆ ನನ್ನ ಕಡೆ. ಬೆಳಗಿನಿಂದ ಅವನು ನನ್ನ ಮುಖವನ್ನು ನೇರವಾಗಿ ನೋಡಿದ್ದು ಅದೇ ಮೊದಲು.

"ಯೋಳ್ತೀನಿ. ಚಿಕ್ಕೈನೋರು ಆಚೆ ಓಗ್ಲಿ."

"ನಾನಾ?" ಎಂದೆ. "ಕೆಂಚಣ್ಣ, ಇಲ್ಲಿ ನಿನ್ನ ಕಡೆ ಇರೋನು ನಾನೊಬ್ಬನೇ."

"ಅದ್ಕೇಯ ಯೋಳ್ತಿರಾದು. ನೀವು ಓಗಿ."

ಬೋರಪ್ಪನವರು ಕಣ್ಣಲ್ಲೇ ಸನ್ನೆ ಮಾಡಿದರು. ನಾನು ಮೆಟ್ಟಿಲಿಳಿದೆ. ಬ್ರೌನ್ ದಾಟಿ, ಮಾರಮ್ಮನ ಪಕ್ಕ ಹೋಗಿ ನಿಂತೆ. ಜಗಲಿಯ ಮೇಲೆ ನಾಲ್ಕು ತಲೆಗಳು ಹತ್ತಿರ ಸೇರಿದವು. ಕೆಂಚಯ್ಯನ ತುಟಿ ಅಲ್ಲಾಡಿದ್ದು ಕಂಡಿತು. ಹೆಚ್ಚು ಹೊತ್ತಲ್ಲ, ಒಂದು ಹೆಸರು ಹೇಳಲು ಬೇಕಾದಷ್ಟು. ಪರಮಶಿವಯ್ಯನವರು ಕನ್ನಡಕ ತೆಗೆದವರು ಒರೆಸದೆ ಹಾಗೇ ಹಿಡಿದುಕೊಂಡು ನಿಂತರು. ವಕೀಲರು ನನ್ನ ಕಡೆ ತಿರುಗಿ, ತಕ್ಷಣ ಬೇರೆ ಕಡೆ ನೋಡಿದರು.

ಬೋರಪ್ಪನವರು ಒಬ್ಬರೇ ಇಳಿದು ಬಂದರು. ನನ್ನೆದುರು ನಿಂತು ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡರು.

"ಸಂಪತ್ಕುಮಾರ್ ಅವ್ರೆ," ಎಂದರು.

ಬೆಳಗಿನಿಂದ 'ಲೇ' ಎನ್ನುತ್ತಿದ್ದ ಮನುಷ್ಯ.

"ಹೇಳಿ ಸಾರ್."

"ನೆನ್ನೆ ಸಾಯಂಕಾಲ ನಿಮ್ಮ ತಂದೆಯವ್ರು ಹೊಳೆನರಸೀಪುರದ ಬಸ್ ಹತ್ತಿದ್ದನ್ನ ನೀವು ಕಣ್ಣಾರೆ ನೋಡಿದ್ರಾ?"